ಹೊನ್ನಮ್ಮನವರ ಎಲೆ ಸಂಚಿ

ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿ ಒಂದು ಅಡಿ ಅಗಲ, ಒಂದು ಅಡಿ ಎತ್ತರ ಇತ್ತು. ಅದಕ್ಕೆ ಕಬ್ಬಿಣದ ಸರಳು, ಸರಳಿನ ಕೆಳಗೆ ಒಂದು ಕೈ ತೂರುವಷ್ಟು ಸಂದು. ಹೀಗಾಗಿ ಮೊದಲ ಎಂಟು ವರ್ಷ ನಾನು ರೋಗಿಗಳನ್ನು ನೋಡಲೇ ಇಲ್ಲ, ಅವರ ಕೈಗಳನ್ನು ನೋಡಿದೆ. ಕಾಫಿ ಕುಯ್ಲಿನ ಕಾಲದಲ್ಲಿ ಕಪ್ಪಗೆ ಅಂಟು ಹಿಡಿದ ಬೆರಳುಗಳು ಬರುತ್ತಿದ್ದವು. ನಾಟಿ ಕಾಲದಲ್ಲಿ ನೀರಲ್ಲಿ ನೆಂದು ಬಿಳಿಚಿಕೊಂಡ ಬೆರಳುಗಳು. ಚೀಟಿ ಒಳಗೆ ಬರುತ್ತಿತ್ತು, ಮಾತ್ರೆ ಹೊರಗೆ ಹೋಗುತ್ತಿತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದಮೇಲೆ. ಮುಂದಿನವರು ಬನ್ನಿ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನಿವೃತ್ತನಾದ ನನ್ನನ್ನು ಕಂಡಾಗಲೆಲ್ಲ ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಬಡ್ತಿಯ ವಿಚಾರವಾದರೆ ಒಂದು ಸಾಲಿಗೆ ಮುಗಿಯುತ್ತದೆ: ಕೈಯಿಲ್ಲದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಬಂತು. ನಾನು ಹೇಳಬೇಕಾದ್ದು ವಯಸ್ಸಾದವರು ನುಂಗುವ ಮಾತ್ರೆಗಳ ವಿಚಾರ. ಅದನ್ನು ನನಗೆ ಕಲಿಸಿದ್ದು ಒಬ್ಬರು ಡಾಕ್ಟರಮ್ಮ, ಒಬ್ಬರು ಎಸ್ಟೇಟ್ ರೈಟರು, ಒಬ್ಬರು ಅಜ್ಜಿ. ಕಲಿಯುವಾಗ ನನಗೆ ಒಂದೆರಡು ಸಲ ಮಂಗಳಾರತಿಯೂ ಆಯಿತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮದು ಹಾನುಬಾಳಿನಿಂದ ಒಳಕ್ಕೆ ಹೋಗುವ ದಾರಿಯಲ್ಲಿದ್ದ ಸಣ್ಣ ಸರ್ಕಾರಿ ಆಸ್ಪತ್ರೆ. ಸುತ್ತ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ಅಲ್ಲಲ್ಲಿ ಎಸ್ಟೇಟ್ ಆಳುಗಳ ಲೈನ್ ಮನೆಗಳು. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಫಾರ್ಮಸಿಸ್ಟ್ ಎಂದು ಬರೆದಿತ್ತು. ಆ ಪದವನ್ನು ಆ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಎಲ್ಲರಿಗೂ ಕಾಂಪೌಂಡ್ರು. ಸೇರಿದ ಹೊಸತರಲ್ಲಿ ಕೆಮ್ಮಿಗೊಂದು, ಹೊಟ್ಟೆನೋವಿಗೊಂದು ಬಣ್ಣದ ನೀರನ್ನು ಕಲಸಿ ಕೊಡುತ್ತಿದ್ದೆವು. ಜನ ಮನೆಯಿಂದಲೇ ಬಾಟಲಿ ತರುತ್ತಿದ್ದರು. ಒಬ್ಬರಂತೂ ಸೀಮೆಎಣ್ಣೆ ಬಾಟಲಿಯನ್ನು ತಂದು, ಮೂರು ಸಲ ತೊಳೆದಿದ್ದೀನಿ ಎಂದು ಆಣೆ ಮಾಡಿದ್ದರು. ಆಮೇಲೆ ಕಲಸುವ ಔಷಧ ನಿಂತಿತು, ಮಾತ್ರೆಗಳು ಡಬ್ಬ ಬಿಟ್ಟು ಬೆಳ್ಳಿ ಬಣ್ಣದ ಶೀಟುಗಳಿಗೆ ಬಂದವು. ಕಾಂಪೌಂಡ್ರು ಅನ್ನುವ ಹೆಸರು ಮಾತ್ರ ನನ್ನನ್ನು ಬಿಡಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಇನ್ನೊಂದು ಬದಲಾವಣೆ ಬಂತು. ಮೊದಲು ಮಾತ್ರೆ ಅಂದರೆ ಮೂರು ದಿನದ ನೆಂಟ. ಜ್ವರ ಬಂದಾಗ ಬರುತ್ತಿತ್ತು, ಜ್ವರದ ಜೊತೆ ಹೋಗುತ್ತಿತ್ತು. ಈಗ ಬಿ.ಪಿ., ಶುಗರ್, ಮಂಡಿನೋವು ಅಂತ ಮನೆಯಲ್ಲೇ ಉಳಿಯುವ ಮಾತ್ರೆಗಳು ಬಂದವು. ಸಕಲೇಶಪುರದಲ್ಲಿ ಮೆಡಿಕಲ್ ಸ್ಟೋರುಗಳು ಹೆಚ್ಚಾದವು, ಬಸ್ಸು ಜೀಪುಗಳೂ ಹೆಚ್ಚಾದವು. ಊರಿನ ಹಿರಿಯರು ಸಿಕ್ಕರೆ ಕಾಯಿಲೆ ಮಾತಾಡುವ ಬದಲು, ನಿಂಗೆ ದಿನಕ್ಕೆಷ್ಟು ನಂಗೆ ಏಳು, ಎಂದು ಲೆಕ್ಕ ಒಪ್ಪಿಸತೊಡಗಿದರು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಆ ಕಾಲದಲ್ಲೇ ಡಾ. ವನಮಾಲಾ ನಮ್ಮಲ್ಲಿಗೆ ವರ್ಗವಾಗಿ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು. ಬಂದ ಮೊದಲ ವಾರವೇ ನನ್ನ ಕಿಟಕಿಯ ಮುಂದೆ ನಿಂತು, ಒಳಗಿರೋರು ಯಾರು ಅಂತ ಹೊರಗಿನವರಿಗೆ ಗೊತ್ತಾಗೋದು ಬೇಡವೇ ಎಂದು ಕೇಳಿದರು. ನಾನು, ಇದು ಮೊದಲಿನಿಂದ ಹೀಗೇ ಇದೆ ಮೇಡಂ, ಎಂದೆ. ಸರ್ಕಾರಿ ಕೆಲಸದಲ್ಲಿ ಇದಕ್ಕಿಂತ ಗಟ್ಟಿಯಾದ ಉತ್ತರ ಇಲ್ಲ ಎಂದು ನನ್ನ ನಂಬಿಕೆ. ಅವರು ಊರಿನ ಬಡಗಿಯನ್ನು ಕರೆಸಿ ಸರಳು ತೆಗೆಸಿ, ಕಿಟಕಿಯನ್ನು ಮೂರಡಿ ಮಾಡಿಸಿ, ಅದರ ಮುಂದೆ ಒಂದು ಹಲಗೆ ಹೊಡೆಸಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನ ಎದುರಿಗೆ ಅಷ್ಟೊಂದು ಮುಖಗಳು ಕಂಡು ನನಗೆ ಗಾಬರಿಯಾಯಿತು.

ಹಲಗೆ ಯಾಕೆ ಅಂದರೆ, ಅರವತ್ತು ದಾಟಿದವರು ಬಂದಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದು ಅದರ ಮೇಲೆ ಸುರಿಯಬೇಕು. ಡಾಕ್ಟರಮ್ಮನ ಕಟ್ಟಪ್ಪಣೆ. ನಾನು ಅವನ್ನು ಬೇರೆ ಬೇರೆ ಮಾಡಿ ಒಂದು ಹಾಳೆಯಲ್ಲಿ ಬರೆದು ಅವರಿಗೆ ಕೊಡಬೇಕು. ಇರುವ ಕೆಲಸವೇ ಹೊರಲಾರದಷ್ಟಿದೆ, ಇದೊಂದು ತಲೆ ಮೇಲೆ ಬಂತು ಎಂದು ಗೊಣಗಿದೆ. ಗೊಣಗಿದ್ದು ಒಳಗೇ.

ಮೊದಲು ಸುರಿದವರು ರೈಟರ್ ಮಂಜಪ್ಪನವರು. ಎಸ್ಟೇಟ್ ಒಂದರಲ್ಲಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದು ನಿವೃತ್ತರಾದವರು. ಬಿಸ್ಕತ್ತಿನ ದೊಡ್ಡ ಡಬ್ಬವೊಂದನ್ನು ಹಲಗೆಯ ಮೇಲೆ ಬೋರಲು ಹಾಕಿದರು. ಹನ್ನೊಂದು ಬಗೆ ಮಾತ್ರೆ ಉರುಳಿದವು. ನಾನು ಬರೆಯಲು ಪೆನ್ನು ತೆಗೆದರೆ ಅವರು ಅದನ್ನು ನನ್ನ ಕೈಯಿಂದಲೇ ಇಸಿದುಕೊಂಡು, ಗೆರೆ ಎಳೆದು, ಮಾತ್ರೆಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗಲು ಶುರು ಮಾಡಿದರು.

"ಈ ಕೆಂಪಂಗಿಯೋನ್ನ ಯಾರ್ ಕಳ್ಸಿದ್ದು? ಏನ್ ಕೆಲ್ಸಕ್ಕೆ ಬಂದವ್ನೆ? ಆ ಕೆಲ್ಸ ಇನ್ನೂ ಐತಾ, ಮುಗೀತಾ?"

ಹೀಗೆ ಒಂದೊಂದನ್ನೂ ಕೇಳುತ್ತ ಹೋದರೆ, ಎರಡು ವರ್ಷದ ಹಿಂದೆ ಮಂಡಿನೋವಿಗೆ ಒಂದು ಮಾತ್ರೆ ಕೊಟ್ಟಿದ್ದರು, ಅದರಿಂದ ಹೊಟ್ಟೆ ಉರಿಯದಿರಲಿ ಎಂದು ಜೊತೆಗೆ ಇನ್ನೊಂದು. ಮಂಡಿ ಮಾತ್ರೆ ಎಂದೋ ನಿಂತಿದೆ, ಹೊಟ್ಟೆ ಉರಿಯದು ಮಾತ್ರ ದಿನಾ ನಡೆಯುತ್ತಿದೆ. ಮೇಸ್ತ್ರಿ ಊರಿಗೆ ಹೋದ್ರೂ ಅವನ ಹಿಂದೆ ಬಂದ ಆಳು ಲೈನಲ್ಲೇ ಉಳ್ಕಂಡವ್ನೆ ಎಂದು ಮಂಜಪ್ಪನವರು ನಕ್ಕರು. ಡಾಕ್ಟರಮ್ಮ ಆ ಆಳನ್ನೂ, ಕೆಲಸ ಮುಗಿದಿದ್ದ ಇನ್ನೂ ಮೂವರನ್ನೂ ಊರಿಗೆ ಕಳಿಸಿದರು. ರೈಟರ ಮೂರು ಪ್ರಶ್ನೆಗಳನ್ನು ನಾನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಿಟಕಿಗೆ ನೇತುಹಾಕಿದೆ: ಯಾರು ಕೊಟ್ಟಿದ್ದು? ಯಾತಕ್ಕೆ? ಇನ್ನೂ ಬೇಕಾ? ನಾನು ನಿವೃತ್ತನಾಗುವವರೆಗೂ ಆ ರಟ್ಟು ಅಲ್ಲೇ ಇತ್ತು.

ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು ನನ್ನ ಕಥೆ. ಮುಂದಿನ ತಿಂಗಳು ಮಂಜಪ್ಪನವರು ಬಂದಾಗ ಡಾಕ್ಟರಮ್ಮ ಹಾಸನದ ಮೀಟಿಂಗಿಗೆ ಹೋಗಿದ್ದರು. ಒಂದು ಮಾತ್ರೆಯಿಂದ ಮೂತ್ರಕ್ಕೆ ಪದೇಪದೇ ಹೋಗಬೇಕು, ಬಸ್ಸಲ್ಲಿ ಕೂರಕ್ಕಾಗಲ್ಲ ಎಂದು ಅವರು ದೂರಿದರು. ನಾನು ಎದೆಯುಬ್ಬಿಸಿ, ಬಿಡಿ ಹಾಗಾದರೆ, ಎಂದುಬಿಟ್ಟೆ. ಎಂಟು ದಿನಕ್ಕೆ ಅವರ ಕಾಲು ಬಾತು ಚಪ್ಪಲಿ ಹಿಡಿಯದಾಯಿತು, ಮೆಟ್ಟಿಲು ಹತ್ತಿದರೆ ಮೇಲುಸಿರು. ಡಾಕ್ಟರಮ್ಮ ಮಾತ್ರೆಯನ್ನು ಮತ್ತೆ ಶುರು ಮಾಡಿಸಿ, ಬಾಗಿಲು ಮುಂದೆ ಮಾಡಿ ನನ್ನನ್ನು ನಿಲ್ಲಿಸಿಕೊಂಡರು.

"ತೆಗೆಯೋದು ನಿಮ್ಮ ಕೆಲಸ ಅಲ್ಲ ಶಿವಣ್ಣನವರೇ. ಕಂಡುಹಿಡಿದು ತೋರಿಸೋದು ನಿಮ್ಮ ಕೆಲಸ. ಅದೇನು ಸಣ್ಣದಲ್ಲ."

ಅವರು ದನಿ ಏರಿಸಲಿಲ್ಲ, ಅದಕ್ಕೇ ಹೆಚ್ಚು ತಟ್ಟಿತು. ಹೊಸಬರೇ, ಈ ಮಾತನ್ನು ನಿಮಗೂ ಹಾಗೇ ದಾಟಿಸುತ್ತಿದ್ದೇನೆ. ಮಂಜಪ್ಪನವರು ವಾರದಲ್ಲಿ ಸರಿಹೋದರು. ಆದರೆ ಕಾಂಪೌಂಡ್ರು ಬಸಿಗಾಲುವೆ ಆಳನ್ನ ಕೆಲ್ಸದಿಂದ ತೆಗೆದು ತೋಟದ ತುಂಬ ನೀರು ನಿಲ್ಲಂಗೆ ಮಾಡ್ಬುಟ್ರು ಎಂದು ಹಾನುಬಾಳಿನ ಹೋಟೆಲಿನಲ್ಲೆಲ್ಲ ಹೇಳಿಕೊಂಡು ಬಂದರು. ನಾನು ತಿಂಗಳುಗಟ್ಟಲೆ ಅಲ್ಲಿ ಟೀ ಕುಡಿಯಲು ಹೋಗಲಿಲ್ಲ.

ಈಗ ಹೊನ್ನಮ್ಮನವರ ಬಳಿ ಬರುತ್ತೇನೆ. ಎಪ್ಪತ್ತು ದಾಟಿದ ಅಜ್ಜಿ. ಮಗ ರುದ್ರೇಶ ನಮ್ಮ ಆಸ್ಪತ್ರೆಯಿಂದ ಒಂದು ಮೈಲಿ ದೂರದಲ್ಲಿ ನಾಲ್ಕು ಎಕರೆ ತೋಟ ಮಾಡಿಕೊಂಡಿದ್ದ. ದೊಡ್ಡ ಮಗಳು ಸಕಲೇಶಪುರದಲ್ಲಿ, ಚಿಕ್ಕ ಮಗಳು ಗೌರಮ್ಮ ಆಲೂರಿನಲ್ಲಿ. ಅಜ್ಜಿ ಒಂದು ಕಡೆ ಕೂರುವವರಲ್ಲ. ಮಗನ ಮನೆಯಲ್ಲಿ ಒಂದು ತಿಂಗಳು, ಸಕಲೇಶಪುರದಲ್ಲಿ ಇಪ್ಪತ್ತು ದಿನ, ಆಲೂರಿನಲ್ಲಿ ಇಪ್ಪತ್ತು ದಿನ. ಬಸ್ಸಲ್ಲಿ ಒಬ್ಬರೇ ಓಡಾಟ, ಡ್ರೈವರ್ ಹಿಂದಿನ ಸೀಟು ಅವರದೇ ಎಂದು ಕಂಡಕ್ಟರುಗಳೂ ಒಪ್ಪಿಕೊಂಡಿದ್ದರು. ಮೂರು ಮನೆಯವರೂ ಅವ್ವ ನಮ್ಮಲ್ಲಿರಲಿ ಎಂದು ಜಗಳವಾಡುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಆ ವಂಶದಲ್ಲಿ ಯಾವ ಮಗು ಹುಟ್ಟಿದರೂ ಬಾಣಂತಿಗೂ ಮಗುವಿಗೂ ನೀರು ಹಾಕುವುದು ಹೊನ್ನಮ್ಮನವರೇ. ಕಾಲು ನೀಡಿ ಕುಳಿತು, ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು, ಎಣ್ಣೆ ತೀಡಿ ಬಿಸಿನೀರು ಹೊಯ್ದರೆ ಎಂಥ ರಚ್ಚೆಯ ಮಗುವೂ ಅಲ್ಲೇ ನಿದ್ದೆ ಹೋಗುತ್ತಿತ್ತಂತೆ.

ನನ್ನ ಕಿಟಕಿಗೆ ಬಂದಾಗಲೆಲ್ಲ ಸೊಂಟದಿಂದ ಎಲೆ ಅಡಿಕೆ ಸಂಚಿ ತೆಗೆದು ಒಂದು ಎಲೆ ಹಾಕ್ಕಳಿ ಎನ್ನುತ್ತಿದ್ದರು. ನನಗೆ ಎಲೆ ಅಡಿಕೆಯ ಅಭ್ಯಾಸ ಇರಲಿಲ್ಲ. ಡ್ಯೂಟಿಯಲ್ಲಿ ಹಾಕಬಾರದು ಅಜ್ಜಿ ಎಂದು ಪ್ರತಿಸಲವೂ ಕೈಯಾಡಿಸಿಬಿಡುತ್ತಿದ್ದೆ. ಅವರು ಸಂಚಿಯನ್ನು ಬಿಚ್ಚದೆಯೇ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಕೊಟ್ಟ ಎಲೆಯನ್ನು ಬೇಡ ಅನ್ನುವುದು ದೊಡ್ಡ ಮಾತು. ಆದರೂ ಅವರು ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ, ಮುಂದಿನ ಸಲ ಮತ್ತೆ ಕೇಳುತ್ತಿದ್ದರು.

ಒಂದು ವರ್ಷ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಅಜ್ಜಿ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆಟೋದವರು ಮಗಳ ಮನೆಗೆ ಮುಟ್ಟಿಸಿದರು. ಅಲ್ಲಿಂದ ಮುಂದೆ ಒಂದಾದ ಮೇಲೊಂದು ದೂರು. ಅಜ್ಜಿ ಹಗಲೆಲ್ಲ ತೂಕಡಿಸುತ್ತಾರೆ, ಕಾಫಿಗೆ ಉಪ್ಪು ಹಾಕುತ್ತಾರೆ, ಮಗನನ್ನು ಸತ್ತುಹೋದ ತಮ್ಮನ ಹೆಸರಿನಿಂದ ಕೂಗುತ್ತಾರೆ. ರುದ್ರೇಶ ಅವರ ಬಸ್ಸಿನ ಚೀಲವನ್ನು ಅಟ್ಟಕ್ಕೆ ಹಾಕಿ, ಇನ್ನು ಎಲ್ಲಿಗೂ ಹೋಗೋದು ಬೇಡ ಎಂದ. ಅವ್ವನಿಗೆ ಅರಳುಮರಳು ಎಂದು ಮೂರು ಮನೆಯವರೂ ತೀರ್ಮಾನಿಸಿದರು.

ಅದೇ ಸಮಯಕ್ಕೆ ಆಲೂರಿನ ಗೌರಮ್ಮನ ಮಗಳು ಬಸುರಿ. ಚೊಚ್ಚಲು. ಹೆರಿಗೆಗೆ ಎರಡು ತಿಂಗಳಿತ್ತು. ಹೊನ್ನಮ್ಮನವರಿಗೆ ಅದು ಮೊದಲ ಮರಿಮಗು. ರುದ್ರೇಶ ತಾಯಿಯನ್ನು ಆಸ್ಪತ್ರೆಗೆ ಕರೆತಂದಾಗ ಅವರನ್ನು ಬೆಂಚಿನ ಮೇಲೆ ಕೂರಿಸಿ ಕಿಟಕಿಯ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಕೂಸ್ನ ಅವ್ವನ ಕಾಲ್ ಮ್ಯಾಲೆ ಮಲಗ್ಸದು ಹ್ಯಾಗೆ ಕಾಂಪೌಂಡ್ರೆ? ನೆನ್ನೆ ಒಲೆ ಮುಂದೆ ಕೂತಂಗೇ ನಿದ್ದೆ ಹೋಗ್ಬುಟ್ಟವ್ಳೆ. ಗೌರಿ ಬ್ಯಾರೆಯೋರ್ನ ಗೊತ್ತು ಮಾಡ್ತೀನಿ ಅಂತಾಳೆ."

ತಗ್ಗಿದ ದನಿ ಸಾಲದಾಗಿತ್ತು. ಬೆಂಚಿನ ಮೇಲಿದ್ದ ಅಜ್ಜಿಗೆ ಕೇಳಿಸಿತು. ಅವರು ತಮ್ಮ ಎರಡು ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕುಳಿತರು. ಎಂಟು ವರ್ಷ ಬರೀ ಕೈಗಳನ್ನು ನೋಡಿದವನು ನಾನು, ಆ ಕೈಗಳಿಗೆ ಏನು ಕೆಲಸ ತಪ್ಪುತ್ತಿದೆ ಎಂದು ಅರ್ಥವಾಯಿತು.

ಅದುವರೆಗೆ ಅಜ್ಜಿ ನಾವು ಕೊಟ್ಟದ್ದನ್ನಷ್ಟೇ ತಂದು ತೋರಿಸುತ್ತಿದ್ದರು. ಮರುದಿನ ರುದ್ರೇಶನಿಂದ ಮಾತ್ರೆ ಚೀಲವನ್ನೇ ತರಿಸಿ ಹಲಗೆಯ ಮೇಲೆ ಸುರಿಸಿದೆ. ರಟ್ಟಿನ ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಬಿಳಿ ಮಾತ್ರೆ ಬಿ.ಪಿ.ಗೆ, ಕೊಟ್ಟದ್ದು ನಾವು. ಗುಲಾಬಿಯದು ಬಿ.ಪಿ.ಗೆ, ದೊಡ್ಡ ಮಗಳು ಸಕಲೇಶಪುರದಲ್ಲಿ ತೋರಿಸಿದಾಗ ಕೊಟ್ಟದ್ದು. ಕಂದು ಬಣ್ಣದ್ದೂ ಬಿ.ಪಿ.ಗೆ, ಗೌರಮ್ಮ ಆಲೂರಿನಲ್ಲಿ ತೋರಿಸಿದಾಗ. ಕನ್ನಡಕ ಏರಿಸಿ ಶೀಟಿನ ಹಿಂದಿನ ಸಣ್ಣ ಅಕ್ಷರ ಓದಿದರೆ ಮೂರರ ಒಳಗಿರುವ ಮದ್ದೂ ಒಂದೇ. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಅಜ್ಜಿ ಮೂರನ್ನೂ ದಿನಾ ನುಂಗುತ್ತಿದ್ದರು. ಆ ಮದ್ದು ಹೆಚ್ಚಾದರೆ ಕಾಲು ಊದುತ್ತದೆ. ಊದಿದ ಕಾಲಿಗೆ ಒಂದು ಕಡೆ ನೀರಿಳಿಸುವ ಮಾತ್ರೆ ಕೊಟ್ಟಿದ್ದರು. ಅದರಿಂದ ರಾತ್ರಿ ನಾಲ್ಕು ಸಲ ಏಳಬೇಕು, ನಿದ್ದೆ ಇಲ್ಲ. ನಿದ್ದೆಗೆ ಇನ್ನೊಂದು ಕಡೆ ಇನ್ನೊಂದು ಮಾತ್ರೆ. ಕೊಟ್ಟವರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ, ಅವರಿಗೆ ಗೊತ್ತಿದ್ದಷ್ಟಕ್ಕೆ ಸರಿಯಾಗೇ ಕೊಟ್ಟಿದ್ದರು. ಬೇರೆ ಮಾತ್ರೆ ತಗೊಳ್ತೀರಾ ಎಂದು ಮೂವರೂ ಕೇಳಿದ್ದರಂತೆ. ಅಜ್ಜಿ ಮೂರು ಕಡೆಯೂ ಇಲ್ಲ ಎಂದಿದ್ದರು.

ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಒಂದ್ ಮನೇಲಿ ಉಂಡ್ ಬಂದೆ ಅಂತ ಇನ್ನೊಂದ್ ಮನೇಲಿ ಹೇಳಕ್ಕಾಯ್ತದೇನಪ್ಪ? ಬೇಜಾರ್ ಮಾಡ್ಕಳಲ್ವ ಅವ್ರು?" ಎಂದರು.

ನುಂಗುವುದೂ ಅದೇ ಲೆಕ್ಕದಲ್ಲಿ. ದೊಡ್ಡ ಮಗಳು ಕೊಡಿಸಿದ್ದನ್ನು ಬಿಟ್ಟರೆ ಅವಳಿಗೆ ನೋವು, ಚಿಕ್ಕವಳದನ್ನು ಬಿಟ್ಟರೆ ಇವಳಿಗೆ ನೋವು. ಮಗ ಬಿಸಿಲಲ್ಲಿ ನಡೆದು ಬಂದು ನನ್ನ ಕಿಟಕಿಯಿಂದ ಒಯ್ದದ್ದನ್ನು ಬಿಡುವುದು ಹೇಗೆ? ಪ್ರೀತಿಯನ್ನೆಲ್ಲ ಅಜ್ಜಿ ನೀರಿನ ಜೊತೆ ನುಂಗುತ್ತಿದ್ದರು.

ನಾನು ಈ ಸಲ ಬಾಯಿ ಬಿಡದೆ ಹಾಳೆ ಬರೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವರು ಎರಡೂ ಊರಿನ ಡಾಕ್ಟರಿಗೆ ಪತ್ರ ಬರೆದರು. ಬಿ.ಪಿ.ಗೆ ಒಂದೇ ಮಾತ್ರೆ ಎಂದಾಯಿತು. ಊತ ಇಳಿದ ಮೇಲೆ ನೀರಿಳಿಸುವುದೂ ನಿಂತಿತು. ನಿದ್ದೆಯದನ್ನು ಒಮ್ಮೆಗೇ ಬಿಡಿಸಬಾರದು ಎಂದು ಮುಕ್ಕಾಲು, ಅರ್ಧ, ಕಾಲು ಮಾಡುತ್ತ ಇಳಿಸಿ ನಿಲ್ಲಿಸಿದರು. ಪ್ರತಿ ವಾರ ಬಿ.ಪಿ. ನೋಡಿದರು. ತಲೆಸುತ್ತು ನಿಂತಿತು, ಕಾಲು ಸಣ್ಣಗಾಯಿತು. ನಾನು ಗೆದ್ದ ಎತ್ತಿನ ಬಾಲ ಹಿಡಿದವನ ಹಾಗೆ ಓಡಾಡಿದೆ.

ಆದರೆ ತೂಕಡಿಕೆ ಹೋಗಲಿಲ್ಲ. ಐದು ವಾರವಾದರೂ ಅಜ್ಜಿ ಮಾತಿನ ಮಧ್ಯೆ ತಪ್ಪಿಹೋಗುತ್ತಿದ್ದರು. ಹೆರಿಗೆಗೆ ಉಳಿದದ್ದು ಮೂರು ವಾರ. ಗೌರಮ್ಮ ಆಲೂರಿನಲ್ಲಿ ನೀರು ಹಾಕಲು ಬೇರೆ ಹೆಂಗಸನ್ನು ಮಾತಾಡಿಯೂ ಆಯಿತು ಎಂದು ರುದ್ರೇಶ ತಿಳಿಸಿದ. ಡಾಕ್ಟರಮ್ಮನ ಮುಖದಲ್ಲೂ ಯೋಚನೆ ಕಂಡಿತು. ಇದು ಮರೆವಿನ ಕಾಯಿಲೆಯೇ ಇರಬಹುದು, ಹಾಸನಕ್ಕೆ ಕಳಿಸೋಣ, ಅದಕ್ಕೆ ಮೊದಲು ಇನ್ನೊಂದು ಸಲ ಎಲ್ಲ ಮಾತ್ರೆ ನೋಡಿ, ಎಂದರು. ನೋಡಿದೆ. ಚೀಲದಲ್ಲಿ ಇದ್ದದ್ದು ಬಿ.ಪಿ.ಯದೊಂದೇ. ಮನೆಯಲ್ಲಿ ಬೇರೆ ಮಾತ್ರೆ ಇದೆಯಾ ಎಂದು ಕೇಳಿದೆ. ಶಿವನಾಣೆ ಇಲ್ಲ ಎಂದರು.

ಆ ದಿನ ನನಗೆ ನೆಗಡಿ. ಮಾತಿನ ಮಧ್ಯೆ ಎರಡು ಸಲ ಸೀನಿದೆ. ಅಜ್ಜಿ ಎಂದಿನಂತೆ ಸಂಚಿಗೆ ಕೈ ಹಾಕಿ, ಒಂದು ಎಲೆ ಹಾಕ್ಕಳಿ ಎಂದರು. ಡ್ಯೂಟಿಯಲ್ಲಿ ಹಾಕಬಾರದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರನ್ನು ಹಾಸನಕ್ಕೆ ಕಳಿಸುವ ಚೀಟಿ ಮೇಜಿನ ಮೇಲಿತ್ತು. ಪಾಪ, ಇವರ ಎಲೆಯನ್ನು ಒಂದು ದಿನವಾದರೂ ತೆಗೆದುಕೊಳ್ಳಲಿಲ್ಲವಲ್ಲ ಎನಿಸಿ, ಕೊಡಿ ಅಜ್ಜಿ ಎಂದು ಕೈ ಚಾಚಿದೆ.

ಹೊನ್ನಮ್ಮನವರ ಮುಖ ಅರಳಿತು. ಸಂಚಿಯನ್ನು ಹಲಗೆಯ ಮೇಲೆ ಹರವಿ ಬಿಚ್ಚಿದರು. ಒಂದು ಜೇಬಿನಲ್ಲಿ ವೀಳ್ಯದೆಲೆ, ಒಂದರಲ್ಲಿ ಅಡಿಕೆ ಚೂರು, ಒಂದರಲ್ಲಿ ಸುಣ್ಣದ ಡಬ್ಬಿ. ಎಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿದರು. ಆಮೇಲೆ ನಾಲ್ಕನೇ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಡಿಸಿ, ಅದರಿಂದ ಸಣ್ಣ ಹಳದಿ ಮಾತ್ರೆಯೊಂದನ್ನು ಎಲೆಯ ಮೇಲಿಟ್ಟು ನನ್ನ ಕೈಗೆ ಕೊಟ್ಟರು.

"ಸೀತ ಆದಂಗೈತೆ ನಿಮ್ಗೆ. ಇದ್ನೂ ಒಂದ್ ಹಾಕ್ಕಳಿ, ಗಂಟ್ಲು ಸಲೀಸಾಯ್ತದೆ."

ನಾನು ಎಲೆಯನ್ನು ಕಣ್ಣಿನ ಹತ್ತಿರ ತಂದು ಮಾತ್ರೆ ನೋಡಿದೆ. ಅದು ನೆಗಡಿಯ ಮಾತ್ರೆ. ಸೀನು ನಿಲ್ಲಿಸುತ್ತದೆ, ಜೊತೆಗೆ ನಿದ್ದೆ ತರುತ್ತದೆ. ವಯಸ್ಸಾದವರಿಗಾದರೆ ಬುದ್ಧಿಗೇ ಮಂಕು ಕವಿಸುತ್ತದೆ. ದಿನಕ್ಕೆ ಎಷ್ಟು ಎಂದು ಕೇಳಿದೆ. ಎಲೆ ಹಾಕಿದಾಗಲೆಲ್ಲ ಒಂದು ಎಂದರು. ಎಲೆ ಎಷ್ಟು ಸಲ? ಐದು, ಆರು. ಮಾತ್ರೆ ಇಲ್ಲ ಎಂದು ಶಿವನಾಣೆ ಹಾಕಿದಿರಲ್ಲ ಅಜ್ಜಿ ಎಂದರೆ ಅವರಿಗೆ ಆಶ್ಚರ್ಯ. ಮಾತ್ರೆ ಅಂದರೆ ಡಾಕ್ಟರು ಕೊಡುವುದು, ಚೀಲದಲ್ಲಿರುವುದು. ಇದು ಎಲೆಯ ಜೊತೆ ಲೈನಿನ ಹೆಂಗಸರು ಪ್ರೀತಿಯಿಂದ ಕೊಟ್ಟದ್ದು. ಕುಯ್ಲಿನಲ್ಲಿ ಕಾಫಿ ಕಣದ ದೂಳಿಗೆ ಸೀನು ಹತ್ತಿದಾಗ ಶುರುವಾದದ್ದು. ಸೀನು ಹೋಗಿ ತಿಂಗಳುಗಳೇ ಆಗಿದ್ದವು.

ಯಾರು ಕೊಟ್ಟಿದ್ದು, ಯಾತಕ್ಕೆ, ಎರಡೂ ಗೊತ್ತಾಯಿತು. ಆದರೆ ಲೈನಿನ ಹೆಂಗಸರಿಗೆ ಇಷ್ಟೊಂದು ಹಳದಿ ಮಾತ್ರೆ ಕೊಟ್ಟವರು ಯಾರು?

ಪೊಟ್ಟಣದ ಕಾಗದವನ್ನು ತಿರುಗಿಸಿ ನೋಡಿದೆ. ನಮ್ಮ ಆಸ್ಪತ್ರೆಯ ಹಳೆಯ ಫಾರಂ. ಮಡಿಸಿದ ರೀತಿ ನನ್ನದೇ, ಮೂಲೆಯಲ್ಲಿ ನನ್ನದೇ ಕೈಬರಹ. ಕುಯ್ಲಿನ ಕಾಲದಲ್ಲಿ, ಮೆಣಸು ಬಡಿಯುವ ಕಾಲದಲ್ಲಿ, ಲೈನಿನಿಂದ ಒಬ್ಬರು ಬಂದು ಸೀನು ಎಂದರೆ ಮತ್ತೆ ಮತ್ತೆ ಯಾಕೆ ನಡೆದು ಬರುತ್ತೀರಿ ಎಂದು ನಾನೇ ಹಿಡಿ ಹಿಡಿ ಮಾತ್ರೆ ಕಟ್ಟಿಕೊಟ್ಟು, ಎಲ್ಲರೂ ಹಂಚಿಕೊಳ್ಳಿ ಎನ್ನುತ್ತಿದ್ದೆ. ಧಾರಾಳಿ ಕಾಂಪೌಂಡ್ರು ಎಂದು ಹೆಸರೂ ಬಂದಿತ್ತು. ಅವರು ನಾನು ಹೇಳಿದಂತೆಯೇ ಹಂಚಿಕೊಂಡಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಅಲ್ಲಿಯವರೆಗೆ ನಾನು ಬೇರೆಯವರಿಗೆ ಮಾತ್ರ ಹೇಳಿದ್ದೆ.

ಪೊಟ್ಟಣವನ್ನು ಡಾಕ್ಟರಮ್ಮನ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಂಗಳಾರತಿಗೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಮೊದಲು ಪೊಟ್ಟಣ ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ಎಲೆ ನೋಡಿದರು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕುಬಿಟ್ಟರು. ಹಳದಿ ಮಾತ್ರೆ ಅಂದೇ ನಿಂತಿತು. ಹಾಸನದ ಚೀಟಿಯನ್ನು ಹದಿನೈದು ದಿನ ತಡೆದು ನೋಡೋಣ ಎಂದರು. ನಾನು ಆ ಸಂಜೆಯೇ ಲೈನ್ ಮನೆಗಳಿಗೆ ಹೋಗಿ, ಹಂಚಿದ್ದನ್ನು ವಾಪಸ್ ಕೊಡಿ ಎಂದು ಮನೆಮನೆ ತಿರುಗಿದೆ. ಕೊಟ್ಟದ್ದನ್ನು ಕೇಳಿ ಇಸ್ಕೊಳ್ಳೋ ಕಾಂಪೌಂಡ್ರನ್ನ ಇದೇ ಮೊದಲು ನೋಡಿದ್ದು ಎಂದು ಹೆಂಗಸರು ಚೆನ್ನಾಗಿ ಆಡಿಕೊಂಡರು.

ಹನ್ನೆರಡನೇ ದಿನ ಇರಬೇಕು. ಆಲೂರಿನಿಂದ ಗೌರಮ್ಮ ತಾಯಿಯನ್ನು ನೋಡಲು ಬಂದವಳು, ಅವರನ್ನು ಕರೆದುಕೊಂಡು ಕಿಟಕಿಗೆ ಬಂದಳು. ನಾನು ಬಿ.ಪಿ. ಮಾತ್ರೆ ಎಣಿಸಿ ಹಲಗೆಯ ಮೇಲಿಟ್ಟೆ. ಅಜ್ಜಿ ಅದನ್ನು ಎತ್ತಿಕೊಳ್ಳದೆ ಬೆರಳಿನಿಂದ ಒಂದೊಂದೇ ಸರಿಸಿ ನೋಡಿದರು.

"ಮೂವತ್ತು ಅಂದವ್ರೆ ಡಾಕ್ಟ್ರಮ್ಮ. ಇಪ್ಪತ್ತೆಂಟ್ ಮಡಗಿದ್ದೀರ ಕಾಂಪೌಂಡ್ರಪ್ಪ. ಎಲ್ಡು ಕಮ್ಮಿ ಐತೆ."

ಎಣಿಸಿ ನೋಡಿದೆ. ಇಪ್ಪತ್ತೆಂಟೇ. ಹಿಂದೆ ನಿಂತಿದ್ದ ಗೌರಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ನನ್ನ ಕಣ್ಣು ತುಂಬಿದ್ದನ್ನು ಅವರಿಗೆ ಕಾಣಿಸಬಾರದು ಎಂದು ಇನ್ನೆರಡು ಮಾತ್ರೆ ತೆಗೆಯುವ ನೆವದಲ್ಲಿ ಬೀರುವಿನ ಕಡೆ ತಿರುಗಿದೆ. ನನ್ನ ಕೆಲಸದ ಅಷ್ಟು ವರ್ಷಗಳಲ್ಲಿ, ತಪ್ಪು ಸಿಕ್ಕಿಬಿದ್ದದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ.

ಅಟ್ಟದ ಮೇಲಿನ ಚೀಲ ಕೆಳಗಿಳಿಯಿತು. ಆಲೂರಿನ ಹೆಂಗಸಿಗೆ ಗೌರಮ್ಮನೇ ಬೇಡ ಎಂದು ಹೇಳಿ ಕಳಿಸಿದಳು. ರುದ್ರೇಶ ಜೀಪಿನಲ್ಲಿ ಬಿಟ್ಟು ಬರುತ್ತೇನೆ ಎಂದರೂ ಕೇಳದೆ ಹೊನ್ನಮ್ಮನವರು ಬಸ್ಸಿನಲ್ಲೇ, ಡ್ರೈವರ್ ಹಿಂದಿನ ಸೀಟಿನಲ್ಲೇ ಹೊರಟರು. ಬಸ್ಸು ಆಸ್ಪತ್ರೆಯ ಮುಂದೆ ನಿಂತಾಗ ನಾನು ಹೊರಗೆ ಬಂದು ಅವರ ಮಾತ್ರೆಯ ಹಾಳೆಯನ್ನು ಕೊಟ್ಟೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದೆ. ಹಾಳೆಯನ್ನು ಅವರು ಸಂಚಿಯ ನಾಲ್ಕನೇ ಜೇಬಿನಲ್ಲಿಟ್ಟುಕೊಂಡರು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ, ಸಾಲು ಉದ್ದ ಇದ್ದಾಗ, ಕಿಟಕಿಯಲ್ಲಿ ಮತ್ತೆ ಅವರ ಮುಖ. ಮೂರು ತಿಂಗಳು ಆಲೂರಿನಲ್ಲೇ ಇದ್ದು ಬಂದಿದ್ದರು. ಹರಳೆಣ್ಣೆಯ ವಾಸನೆ ಇನ್ನೂ ಮೈಯಲ್ಲಿತ್ತು, ಬಿಸಿನೀರಿಗೆ ಕೈಗಳು ಕೆಂಪಗಾಗಿದ್ದವು. ಸಂಚಿ ತೆಗೆದು ಹಲಗೆಯ ಮೇಲೆ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣ, ನನ್ನ ಹಾಳೆ. ಹಾಳೆಯ ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣ.

ಇದು ಯಾರು ಕೊಟ್ಟಿದ್ದು ಅಜ್ಜಿ ಎಂದೆ, ಸ್ವಲ್ಪ ಗಡುಸಾಗಿಯೇ.

"ನನ್ ಮರಿಮಗ."

"ಯಾತಕ್ಕೆ?"

"ಹೆಸರು ಮಡಗಿದ್ದಕ್ಕೆ," ಎಂದು ಪೊಟ್ಟಣ ಬಿಡಿಸಿದರು. ಒಳಗೆ ನಾಮಕರಣದ ಕಲ್ಲುಸಕ್ಕರೆ. ಒಂದು ಹರಳನ್ನು ಎಲೆಯ ಮೇಲಿಟ್ಟು ನನ್ನ ಅಂಗೈಗೆ ಹಾಕಿದರು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು, ಡ್ಯೂಟಿಯ ಹೊತ್ತು ಬೇರೆ. ನಾನು ಎಲೆಯನ್ನೂ ಸಕ್ಕರೆಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ಹೊನ್ನಮ್ಮನವರು ತಲೆ ಎತ್ತಿ ಕಿಟಕಿಗೆ ನೇತುಹಾಕಿದ್ದ ರಟ್ಟನ್ನು ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಅದರಲ್ಲಿ ಏನಿದೆ ಎಂದು ಇಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು. ಮೂರನೆಯದನ್ನು ಅವರೇ ಕೇಳಿದರು.

"ಇನ್ನೂ ಬೇಕಾ?"

ನಾನು ಕೈ ಚಾಚಿದೆ.